ಅರಶಿನ ಕಾಗದ ಕೆಂಪಾದ ಜಾಗ

ಅಳದಂಗಡಿಯಿಂದ ಸ್ವಲ್ಪ ಮುಂದೆ, ರಸ್ತೆ ತಿರುಗುವಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬೆಳಿಗ್ಗೆ ನೀರುದೋಸೆ, ಬನ್ಸ್, ಮಧ್ಯಾಹ್ನ ಮೀನಿನ ಊಟ, ಸಂಜೆಗೆ ಗೋಳಿಬಜೆ. ಕುವೈತಿನಲ್ಲಿ ಇನ್ನೊಬ್ಬರ ಹೋಟೆಲಿನ ಕೌಂಟರಿನಲ್ಲಿ ಕುಳಿತು ಸಾಕಾಗಿ, ಊರಿಗೆ ಬಂದು ಹಾಕಿದ್ದು. ಅಡುಗೆ ಹೆಂಡತಿಯದ್ದು, ಗಲ್ಲಾಪೆಟ್ಟಿಗೆ ನನ್ನದು. ಹೋಟೆಲಿನ ಹಿಂದೆ ನೆಲ ಇಳಿಜಾರಾಗಿ ಹೋಗಿ ಒಂದು ತೋಡಿಗೆ ಮುಟ್ಟುತ್ತದೆ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಆ ಹಳ್ಳ ದೀಪಾವಳಿ ಕಳೆದ ಮೇಲೆ ಕಲ್ಲುಗಳ ನಡುವೆ ಹುಡುಕಿ ನೋಡಬೇಕಾದಷ್ಟು ಸಣಕಲಾಗುತ್ತದೆ.

ಪಾತ್ರೆ ತೊಳೆದ ನೀರಿಗೆಂದು ಮೊದಲಿಗೆ ಇಂಗುಗುಂಡಿ ಮಾಡಿಸಿದ್ದೆ. ಎಣ್ಣೆಯ ಜಿಡ್ಡು ಕಟ್ಟಿ ಗುಂಡಿ ನೀರು ಎಳೆಯುವುದನ್ನು ನಿಲ್ಲಿಸಿತು. ಊಟಕ್ಕೆ ಕುಳಿತವರಿಗೆ ವಾಸನೆ ಬರತೊಡಗಿತು. ಆಗ ಜೋರು ಮಳೆ. ಸದ್ಯಕ್ಕೆ ಒಂದು ಪೈಪು ಹಾಕಿ ತೋಡಿಗೆ ಬಿಡು, ಮಳೆ ನಿಂತ ಮೇಲೆ ಬೇರೆ ಗುಂಡಿ ತೋಡಿಸುವ ಎಂದು ಪ್ಲಂಬರನಿಗೆ ಹೇಳಿದೆ. ಮಳೆ ನಿಂತಿತು. ಇನ್ನೊಂದು ಮಳೆಗಾಲವೂ ಬಂದು ಹೋಯಿತು. ಪೈಪಿನ ಬಾಯಿಯ ಸುತ್ತ ಕೆಸು ಬೆಳೆದು ಅಲ್ಲಿ ಪೈಪು ಇರುವುದೇ ಕಾಣದಂತಾಯಿತು. ಕಾಣದ ಮೇಲೆ ನೆನಪೂ ಆಗುತ್ತಿರಲಿಲ್ಲ.

ತೋಡಿನ ಕೆಳಗಿನ ಬದಿಯಲ್ಲಿ ಒಂದು ಜೈನರ ಮನೆ. ಅವರ ಬಾವಿ ತೋಡಿನ ಬದಿಯಲ್ಲೇ ಇದೆ. ಆ ಮನೆಯ ಯಜಮಾನ್ತಿಯನ್ನು ನಾವೆಲ್ಲ ಅಮ್ಮ ಎಂದು ಕರೆಯುತ್ತೇವೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಅವರು ಕುಡಿಯುವುದಿಲ್ಲ. ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಿಗೇ ಅದ್ದಿ ಜಾಲಿಸುತ್ತಾರೆ, ಅದರಲ್ಲಿ ಸಿಕ್ಕಿದ ಸಣ್ಣ ಜೀವವೂ ಸಾಯಬಾರದೆಂದು. ಒಂದು ಬೆಳಿಗ್ಗೆ ಅವರು ನಮ್ಮ ಹೋಟೆಲಿನ ಮೆಟ್ಟಿಲಿನ ಕೆಳಗೆ ಬಂದು ನಿಂತರು. ಮೀನು ಬೇಯುವ ಜಾಗವಾದ್ದರಿಂದ ಒಳಗೆ ಬರುವವರಲ್ಲ. ಬಾವಿ ನೀರಿಗೆ ಸಾಬೂನಿನ ವಾಸನೆ ಬರುತ್ತಿದೆ, ನಿಮ್ಮಲ್ಲಿಂದ ಏನಾದರೂ ಬರುತ್ತದಾ ಎಂದು ಬಹಳ ಸಂಕೋಚದಿಂದ ಕೇಳಿದರು. ತೋಡಿನ ಮೇಲ್ಬದಿಯ ತೋಟದವರು ರಬ್ಬರು ಶೀಟು ಮಾಡುವಾಗ ಏನೇನೋ ಹಾಕುತ್ತಾರೆ, ಅದೇ ಇರಬೇಕು ಎಂದೆ. ಹೇಳುತ್ತಿದ್ದಂತೆ ನನಗೂ ಅದು ಹೌದೆನಿಸಿತು. ಅವರು ತಲೆಯಾಡಿಸಿ ಹೋದರು. ಮತ್ತೆ ಬರಲಿಲ್ಲ.

ನನ್ನ ಮಗಳು ಆಗ ಒಂಬತ್ತನೇ ತರಗತಿ. ಆ ವರ್ಷ ಅವರ ಶಾಲೆಗೆ ಮೂಡುಬಿದಿರೆ ಕಡೆಯಿಂದ ಹೊಸ ವಿಜ್ಞಾನ ಟೀಚರ್ ಬಂದಿದ್ದರು. ಸಣ್ಣ ಪ್ರಾಯ, ಮೆಲ್ಲನೆಯ ಮಾತು. ಅವರು ಪಾಠ ಮಾಡುವ ರೀತಿಯೇ ಬೇರೆ. ಮೊದಲು ಮಕ್ಕಳ ಮುಂದೆ ಊರಿನದೇ ಒಂದು ಸಮಸ್ಯೆ ಇಡುವುದು. ಅದನ್ನು ಬಿಡಿಸಲು ಏನೇನು ತಿಳಿಯಬೇಕು ಎಂದು ಮಕ್ಕಳೇ ಯೋಚಿಸಬೇಕು. ಪುಸ್ತಕ ತೆರೆಯುವುದು ಆಮೇಲೆ, ಬೇಕಾದ ಪುಟ ಮಾತ್ರ. ಪಾಲಕರ ಸಭೆಯಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಮಕ್ಕಳನ್ನು ತೋಡು ಗುಡ್ಡ ಅಂತ ತಿರುಗಿಸಿದರೆ ಪಾಠ ಮುಗಿಯುವುದು ಯಾವಾಗ ಎಂದು ಕೇಳಿದವರಲ್ಲಿ ನಾನೂ ಒಬ್ಬ. ಟೀಚರ್ ವಾದ ಮಾಡಲಿಲ್ಲ. ಮಕ್ಕಳು ಏನು ಕಂಡುಹಿಡಿಯುತ್ತಾರೆ ಎಂದು ಒಮ್ಮೆ ನೀವೇ ಬಂದು ಕೇಳಿ ಎಂದರು.

ದೀಪಾವಳಿಯ ನಂತರ ಅವರು ಇಟ್ಟ ಸಮಸ್ಯೆ ಇದು: ಶಾಲೆಯ ಹತ್ತಿರದ ಮೋರಿಯ ಕೆಳಗೆ ತೋಡಿನಲ್ಲಿ ನೊರೆ ಕಟ್ಟುತ್ತದೆ, ಮೊದಲು ಸಿಗುತ್ತಿದ್ದ ಏಡಿ ಈಗ ಇಲ್ಲ, ಯಾಕೆ? ಮಗಳಿಗೆ ಮನೆಯಲ್ಲಿ ಅದೇ ಮಾತು. ತಾಯಿಯ ಅರಶಿನದ ಡಬ್ಬ ಖಾಲಿ ಮಾಡಿ, ಅದನ್ನು ಕಲಸಿ, ಕಾಗದಕ್ಕೆ ಬಳಿದು, ಒಣಗಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿದಳು. ಸಾಬೂನು ನೀರಿಗೆ ಅದ್ದಿದರೆ ಇದು ಕೆಂಪಾಗುತ್ತದೆ, ಹುಳಿ ಹಿಂಡಿದರೆ ಮತ್ತೆ ಹಳದಿ ಎಂದು ಗಿರಾಕಿಗಳಿಗೂ ತೋರಿಸಿದಳು. ಒಬ್ಬರು ಅವಳನ್ನು ಡಾಕ್ಟ್ರೇ ಎಂದು ಕರೆದರು. ನಾನೂ ಹೆಮ್ಮೆಯಿಂದ ನಕ್ಕೆ. ಈ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಆ ಕ್ಷಣಕ್ಕೂ ನನಗೆ ಹೊಳೆಯಲಿಲ್ಲ.

ಮಕ್ಕಳು ಮೋರಿಯಿಂದ ತೋಡಿನ ಮೇಲ್ಬದಿಗೆ ಹೊರಟು, ಅಲ್ಲಲ್ಲಿ ನಿಂತು ಕಾಗದ ಅದ್ದಿ ನೋಡುವುದೆಂದು ತೀರ್ಮಾನವಾಗಿತ್ತು. ಅವತ್ತು ಮಧ್ಯಾಹ್ನದ ಊಟದ ಗಲಾಟೆ ಮುಗಿದು ನಾನು ಗ್ಯಾಸ್ ನೋಡಲು ಹಿಂದಕ್ಕೆ ಹೋಗಿದ್ದೆ. ಪಾತ್ರೆ ತೊಳೆಯುವಲ್ಲಿ ಕೆಲಸದವಳು ದೊಡ್ಡ ಬಾಣಲೆ ತಿಕ್ಕುತ್ತಿದ್ದಳು. ಕೆಳಗೆ ಮಕ್ಕಳ ಸ್ವರ ಕೇಳಿ ಕಿಟಕಿಯ ಸರಳಿನಿಂದ ನೋಡಿದೆ. ನಮ್ಮ ಹೋಟೆಲಿಗಿಂತ ಸ್ವಲ್ಪ ಕೆಳಗೆ ತೋಡಿನ ಬದಿಯಲ್ಲಿ ಬಟ್ಟೆ ಒಗೆಯುವ ಒಂದು ಕಲ್ಲಿದೆ, ಅವರೆಲ್ಲ ಅದರ ಹತ್ತಿರ ನಿಂತಿದ್ದರು. ಅಲ್ಲಿಂದ ಮೇಲೆ ಮುಳ್ಳು, ಜಾರು. ತನ್ನ ಮನೆಯ ಹಿತ್ತಿಲಿನಂಥ ಜಾಗವೆಂದು ಮಗಳು ಒಬ್ಬಳೇ ಹತ್ತಿ ಬಂದಿದ್ದಳು. ಕೆಸುವಿನ ಎಲೆ ಸರಿಸಿದಳು. ಪೈಪಿನ ಬಾಯಿಯಿಂದ ಬಾಣಲೆ ತೊಳೆದ ನೀರು ಬಿಳಿ ನೊರೆಯಾಗಿ ಬೀಳುತ್ತಿತ್ತು. ಅವಳು ಬಗ್ಗಿ ಕಾಗದ ಅದ್ದಿದಳು. ಅದು ಕುಂಕುಮದ ಹಾಗೆ ಕೆಂಪಾದದ್ದು ನನಗೆ ಕಿಟಕಿಯಿಂದಲೇ ಕಂಡಿತು.

ಅವಳು ತಲೆ ಎತ್ತಿದಳು. ನಾವಿಬ್ಬರೂ ಮುಖ ಮುಖ ನೋಡಿದೆವು. ನಾನು ಏನಾದರೂ ಹೇಳಬಹುದಿತ್ತು, ಇಲ್ಲವೇ ಅಲ್ಲಿಂದ ಸರಿಯಬಹುದಿತ್ತು. ಎರಡೂ ಮಾಡಲಿಲ್ಲ. ಅವಳು ಆ ಕಾಗದವನ್ನು ಮುದ್ದೆ ಮಾಡಿ ಯೂನಿಫಾರ್ಮಿನ ಜೇಬಿಗೆ ಹಾಕಿದಳು. ಇನ್ನೊಂದು ಪಟ್ಟಿ ತೆಗೆದು, ಪೈಪನ್ನು ದಾಟಿ ಮೇಲೆ ಹೋಗಿ, ಅಲ್ಲಿನ ತಿಳಿನೀರಿಗೆ ಅದ್ದಿದಳು. ಅದನ್ನು ಹಿಡಿದುಕೊಂಡು ಗೆಳತಿಯರ ಹತ್ತಿರ ಇಳಿದು ಹೋದಳು. ಅದು ಹಳದಿಯಾಗಿಯೇ ಇತ್ತು.

ಸಂಜೆ ಎಂದಿನಂತೆ ಹೋಟೆಲಿಗೆ ಬಂದಳು, ಗೋಳಿಬಜೆ ತಿಂದಳು. ಹೆಂಡತಿ ಒಳಗಿನಿಂದ, ಇವತ್ತು ತೋಡಿಗೆ ಹೋಗಿದ್ದಿರಂತಲ್ಲ, ಏನು ಸಿಕ್ಕಿತು ಎಂದು ಕೇಳಿದಾಗ, ನಮ್ಮಲ್ಲಿ ಏನೂ ಇಲ್ಲ ಎಂದಳು. ನಾನು ಗಿರಾಕಿಗೆ ಚಿಲ್ಲರೆ ಕೊಡುವ ನೆವದಲ್ಲಿ ತಲೆ ತಗ್ಗಿಸಿದೆ. ಮಗಳು ನನಗೋಸ್ಕರ ಇಷ್ಟು ಮಾಡಿದಳಲ್ಲ ಎಂದು ಒಳಗೆ ಎಲ್ಲೋ ಒಂದು ಹಿತವೂ ಆಯಿತು. ಅದನ್ನು ಈಗ ಬರೆಯುವಾಗ ಮೈ ಹಿಡಿಯಾಗುತ್ತದೆ.

ಕೆಲವು ದಿನ ಕಳೆದ ಮೇಲೆ ಟೀಚರ್ ಪಾಲಕರನ್ನು ಕರೆಸಿದರು. ಗೋಡೆಯ ಮೇಲೆ ಮಕ್ಕಳೇ ಬರೆದ ತೋಡಿನ ದೊಡ್ಡ ನಕ್ಷೆ, ನೀರು ನೋಡಿದ ಜಾಗದಲ್ಲೆಲ್ಲ ಒಂದೊಂದು ಅರಶಿನ ಪಟ್ಟಿ. ಮೋರಿಯ ಹತ್ತಿರದ್ದು ಸ್ವಲ್ಪ ಕಂದು. ಒಗೆಯುವ ಕಲ್ಲಿಗೆ ಹತ್ತಿರವಾದಂತೆ ಬಣ್ಣ ಗಾಢ. ಒಬ್ಬೊಬ್ಬರಾಗಿ ಎದ್ದು ವಿವರಿಸಿದರು. ಆಮ್ಲ ಎಂದರೇನು, ಪ್ರತ್ಯಾಮ್ಲ ಎಂದರೇನು, ನೊರೆ ಯಾಕೆ ಕಟ್ಟುತ್ತದೆ, ಏಡಿಯ ಕಿವಿರಿಗೆ ಸಾಬೂನು ಏನು ಮಾಡುತ್ತದೆ. ಪುಸ್ತಕ ಬಾಯಿಪಾಠ ಮಾಡಿದವರ ಹಾಗಿರಲಿಲ್ಲ. ನಡುವೆ ನಾನು ಪ್ರಶ್ನೆ ಕೇಳಿದ್ದರೂ ಉತ್ತರ ಸಿಗುತ್ತಿತ್ತೆಂದು ಕಾಣುತ್ತದೆ. ನನಗೆ ಕೇಳುವ ಧೈರ್ಯ ಇರಲಿಲ್ಲ.

ಕೊನೆಗೆ ನನ್ನ ಮಗಳು ಎದ್ದಳು. ಕೋಲಿನಿಂದ ಎಲ್ಲಕ್ಕಿಂತ ಮೇಲಿನ ಪಟ್ಟಿ ತೋರಿಸಿದಳು.

"ಇದು ನಮ್ಮ ಹೋಟೆಲಿನ ಹಿಂದಿನ ನೀರು. ಇಲ್ಲಿ ಬಣ್ಣ ಬದಲಾಗಲಿಲ್ಲ."

ಸ್ವರ ಸ್ವಲ್ಪವೂ ನಡುಗಲಿಲ್ಲ. ಅವಳು ಕುಳಿತ ಮೇಲೆ ಒಬ್ಬ ಹುಡುಗ ಎದ್ದು ತೀರ್ಮಾನ ಹೇಳಿದ. ಮೇಲೆ ನೀರು ಸರಿ ಉಂಟು, ಒಗೆಯುವ ಕಲ್ಲಿನಿಂದ ಕೆಳಗೆ ಹಾಳಾಗಿದೆ, ಆದ್ದರಿಂದ ಕಾರಣ ಬಟ್ಟೆ ಒಗೆಯುವುದು. ಪರಿಹಾರವಾಗಿ ಅಲ್ಲಿ ಬಟ್ಟೆ ಒಗೆಯಬಾರದೆಂದು ಒಂದು ಬೋರ್ಡು ಹಾಕುವುದು. ಬೋರ್ಡು ಕೂಡ ತಯಾರಾಗಿತ್ತು, ಬಣ್ಣದಲ್ಲಿ ಬರೆದು ಬೆಂಚಿಗೆ ಒರಗಿಸಿ ಇಟ್ಟಿದ್ದರು.

ಆ ಕಲ್ಲಿನಲ್ಲಿ ಬಟ್ಟೆ ಒಗೆಯುವವರು ಊರಿಗೆಲ್ಲ ಗೊತ್ತು. ಅದೇ ತರಗತಿಯ ಒಬ್ಬ ಹುಡುಗಿಯ ತಾಯಿ, ಮನೆಯಲ್ಲಿ ಬೀಡಿ ಕಟ್ಟುವವರು. ಅವರಿಗೆ ಸ್ವಂತ ಬಾವಿ ಇಲ್ಲ, ಪಂಚಾಯತಿನ ನಳ್ಳಿಯಲ್ಲಿ ಬರುವ ನೀರು ಕುಡಿಯಲಿಕ್ಕೂ ಅಡುಗೆಗೂ ಆದರೆ ಪುಣ್ಯ. ಅವತ್ತು ಅವರೂ ಬಂದಿದ್ದರು, ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಯಾರೂ ಅವರ ಹೆಸರು ಹೇಳಿರಲಿಲ್ಲ. ಆದರೂ ಅವರು ಎದ್ದು ನಿಂತರು.

"ನಾನಿನ್ನು ಅಲ್ಲಿ ಒಗೆಯುವುದಿಲ್ಲ ಟೀಚರ್. ಮಕ್ಕಳು ಇಷ್ಟೆಲ್ಲ ಕಷ್ಟಪಟ್ಟಿದ್ದಾರೆ. ನನಗೆ ಗೊತ್ತಾಗಲಿಲ್ಲ."

ಅವರ ಮಗಳು ಡೆಸ್ಕಿನ ಮೇಲೆ ಕಣ್ಣಿಟ್ಟು ಕುಳಿತಿದ್ದಳು, ಮುಖ ಕಿವಿಯವರೆಗೆ ಕೆಂಪಾಗಿತ್ತು. ಪಾಲಕರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಒಳ್ಳೆಯ ತೀರ್ಮಾನ ಎಂದು ನನ್ನ ಪಕ್ಕದವರು ನನ್ನ ತೊಡೆ ತಟ್ಟಿದರು. ನನಗೆ ಕುಳಿತಿರಲು ಆಗಲಿಲ್ಲ. ಎದ್ದು ನಿಂತೆ.

"ಟೀಚರ್, ಆ ಕಾಗದ ನಮ್ಮ ಪೈಪಿಗಿಂತ ಮೇಲಿನ ನೀರಿನದ್ದು," ಎಂದೆ. "ಪೈಪಿನ ಕೆಳಗೆ ಅದ್ದಿದರೆ ಕೆಂಪಾಗ್ತದೆ. ಹೋಟೆಲಿನ ಪಾತ್ರೆ ತೊಳೆದ ನೀರನ್ನು ನಾನೇ ತೋಡಿಗೆ ಬಿಟ್ಟದ್ದು. ಈ ಅಕ್ಕನ ಬಟ್ಟೆಯಿಂದ ಆದದ್ದಲ್ಲ."

ಎಲ್ಲರೂ ನನ್ನನ್ನು ನೋಡುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಯೇ ಎದ್ದಿದ್ದೆ. ಆದರೆ ಇಡೀ ತರಗತಿ ತಿರುಗಿ ನೋಡಿದ್ದು ನನ್ನ ಮಗಳನ್ನು. ಪೈಪು ನನ್ನದಾದರೂ, ನಕ್ಷೆಯ ಮುಂದೆ ನಿಂತು ಸುಳ್ಳು ಹೇಳಿದ್ದು ಅವಳು. ಅಷ್ಟು ಯೋಚನೆ ನನಗೆ ಬಂದಿರಲೇ ಇಲ್ಲ. ಹಿಂದಿನಿಂದ ಯಾರೋ ಒಬ್ಬ ಕಿಸಕ್ಕನೆ ನಕ್ಕ.

ಟೀಚರ್ ಅವಳ ಹತ್ತಿರ ಹೋದರು. ಗದರಲಿಲ್ಲ. ಎಲ್ಲಿ ಅದ್ದಿದ್ದು ಎಂದು ಮಾತ್ರ ಕೇಳಿದರು. ಪೈಪಿಗಿಂತ ಮೇಲೆ ಎಂದಳು, ಕೇಳಿತೋ ಇಲ್ಲವೋ ಎಂಬಷ್ಟು ಸಣ್ಣಗೆ. ಕೆಳಗೂ ಅದ್ದಿದ್ದೆಯಾ ಎಂದರು. ಅವಳು ತಲೆ ತಗ್ಗಿಸಿದಳು. ಟೀಚರ್ ಮಕ್ಕಳ ಕಡೆ ತಿರುಗಿದರು.

"ಹಾಗಾದರೆ ನಮ್ಮ ನಕ್ಷೆಯಲ್ಲಿ ಒಂದು ಜಾಗ ಬಿಟ್ಟುಹೋಗಿದೆ. ನಾಳೆ ಇನ್ನೊಮ್ಮೆ ಹೋಗುವ. ಬೋರ್ಡು ಸದ್ಯಕ್ಕೆ ಬೇಡ."

ಮರುದಿನ ಮಕ್ಕಳು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಮೀನಿನ ಸಾರು ಕಲಸುತ್ತಿದ್ದ ಗಿರಾಕಿಗಳ ನಡುವೆ ಹಾದು ಅವರನ್ನು ನಾನೇ ಹಿಂದಕ್ಕೆ ಕರೆದುಕೊಂಡು ಹೋದೆ, ಕೆಸುವಿನ ಎಲೆ ಸರಿಸಿ ಪೈಪು ತೋರಿಸಿದೆ. ಒಬ್ಬ ಹುಡುಗ, ಇದು ಎಷ್ಟು ಸಮಯದಿಂದ ಉಂಟು ಅಂಕಲ್ ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ಅವನಿಗೆ ಬರೆದುಕೊಳ್ಳಬೇಕಿತ್ತು. ಹೇಳಿದೆ. ನನ್ನ ಮಗಳು ಬಂದಿರಲಿಲ್ಲ. ಹೊಟ್ಟೆನೋವೆಂದು ಮನೆಯಲ್ಲೇ ಮಲಗಿದ್ದಳು.

ಆಮೇಲೆ ಅವಳು ಹೋಟೆಲಿಗೆ ಬರುವುದನ್ನೇ ಬಿಟ್ಟಳು. ಶಾಲೆಯಿಂದ ಗುಡ್ಡದ ದಾರಿಯಾಗಿ ಮನೆಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಅವಳನ್ನು ಪೈಪು ಎಂದು ಕರೆಯುತ್ತಾರೆಂದು ಹೆಂಡತಿಯಿಂದ ತಿಳಿಯಿತು. ಹೆಂಡತಿಗೂ ನನ್ನ ಮೇಲೆ ಸಿಟ್ಟು. ಪೈಪಿನ ವಿಷಯಕ್ಕೆ ಒಂದು ಪಾಲು, ಮಗಳನ್ನು ಎಲ್ಲರೆದುರು ಹಾಗೆ ನಿಲ್ಲಿಸಿದ್ದಕ್ಕೆ ಮೂರು ಪಾಲು. ಟೀಚರನ್ನು ಹೊರಗೆ ಕರೆದು ಹೇಳಬಹುದಿತ್ತಲ್ಲ ಎಂದಳು. ಹೌದು, ಹೇಳಬಹುದಿತ್ತು. ಮಗಳು ಒಂದೇ ಒಂದು ಸಲ, ತಟ್ಟೆಯ ಮುಂದೆ ಕುಳಿತಿದ್ದಾಗ, ತುಳುವಿನಲ್ಲಿ ಕೇಳಿದಳು: "ಪಪ್ಪ, ಈರ್ ದಾಯೆ ಪಂಡರ್?" ನೀವು ಯಾಕೆ ಹೇಳಿದಿರಿ ಎಂದು. ಆ ಅಕ್ಕನ ಮುಖ ನೋಡಿ ಎಂದೆ. ನನ್ನ ಮುಖ ನೋಡಿದಿರಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಪೈಪನ್ನು ಕಿತ್ತರೆ ನೀರು ಬಿಡುವುದೆಲ್ಲಿಗೆ ಎಂಬುದು ನನ್ನ ಸಮಸ್ಯೆಯಾಗಿತ್ತು. ಟೀಚರ್ ಅದನ್ನೇ ತರಗತಿಯ ಮುಂದಿನ ಸಮಸ್ಯೆ ಮಾಡಿಬಿಟ್ಟರು. ಮಕ್ಕಳು ಬಂದು ನನ್ನ ಹಳೆಯ ಗುಂಡಿಯನ್ನು ಬಗೆದು ನೋಡಿದರು. ಸಾಬೂನಿನ ಬದಲು ಬೂದಿಯಲ್ಲಿ ತಿಕ್ಕಿದರೆ ಹೇಗೆ ಎಂದು ಒಬ್ಬಳಿಗೆ ಹೊಳೆಯಿತು. ಬೂದಿ ನೀರಿಗೆ ಅರಶಿನ ಕಾಗದ ಅದ್ದಿದರೆ ಅದೂ ಕೆಂಪಾಯಿತು, ಎಲ್ಲರೂ ನಕ್ಕರು. ಜಲ್ಲಿ, ಮರಳು ತುಂಬಿ ಮೇಲೆ ಕೊಳಕು ನೀರು ಹೀರುವ ಕಾಬಾಳೆ ಹೂವಿನ ಗಿಡ ನೆಟ್ಟು ಒಂದು ಪಾತಿ ಮಾಡಿದರು. ಅದು ಕೆಲವೇ ದಿನದಲ್ಲಿ ಕಟ್ಟಿಕೊಂಡು, ನೀರು ಮೇಲೆ ನಿಂತು, ಹಿಂದಿನ ಬಾಗಿಲು ತೆರೆಯಲಾಗದಷ್ಟು ನಾತ ಮತ್ತು ಸೊಳ್ಳೆ. ಗಿರಾಕಿಗಳು ಮೂಗು ಮುಚ್ಚಿಕೊಂಡು, ಇದೆಲ್ಲ ಯಾಕೆ ಮಾರಾಯ, ಸುಮ್ಮನೆ ಹಳೆಯ ಪೈಪು ಹಾಕು ಎಂದರು. ನನಗೂ ಹಾಗೆ ಅನಿಸದೆ ಇರಲಿಲ್ಲ.

ಮಕ್ಕಳಿಗೆ ಮಾತ್ರ ಅದು ಸೋಲಿನ ಹಾಗೆ ಕಾಣಲಿಲ್ಲ. ಪಾತಿಯನ್ನು ಪುನಃ ಬಗೆದರು. ಜಿಡ್ಡು ಮರಳಿನಲ್ಲಿ ಬೆಣ್ಣೆಯ ಹಾಗೆ ಹಿಡಿದಿತ್ತು. ಎಣ್ಣೆ ನೀರಿನ ಮೇಲೆ ತೇಲುತ್ತದಲ್ಲ, ಹಾಗಾದರೆ ಪಾತಿಗೆ ಹೋಗುವ ಮೊದಲೇ ಅದನ್ನು ತಡೆಯಬೇಕು ಎಂದು ಟೀಚರ್ ಎದುರೇ ಜಗಳವಾಡಿ ತೀರ್ಮಾನಿಸಿದರು. ಹಾಗೆ ಒಂದು ಸಿಮೆಂಟಿನ ತೊಟ್ಟಿ ಬಂತು, ನಡುವೆ ಅಡ್ಡಗೋಡೆ, ನೀರು ದಾಟುವುದು ಕೆಳಗಿನ ತೂತಿನಿಂದ ಮಾತ್ರ. ಮೇಲೆ ಕಟ್ಟುವ ಜಿಡ್ಡನ್ನು ನಾನು ದಿನಾ ತೆಗೆಯಬೇಕು. ತಟ್ಟೆಗಳನ್ನು ತೊಳೆಯುವ ಮೊದಲು ಹಳೆಯ ಪೇಪರಿನಿಂದ ಒರಸಬೇಕು. ಪಾತಿಯ ಕೆಳಗೆ ದೊಡ್ಡ ಜಲ್ಲಿ, ಮರಳು ಬೇಡ. ಈ ಸಲ ನೀರು ಇಳಿಯಿತು. ಪೂರ್ತಿ ತಿಳಿಯಾಗಿದೆ ಎಂದು ಹೇಳಲಾರೆ, ಹಬ್ಬದ ಗಿರಾಕಿ ಇದ್ದ ದಿನ ಈಗಲೂ ಸ್ವಲ್ಪ ವಾಸನೆ ಉಂಟು.

ಎರಡನೆಯ ಪಾತಿಯ ಹೊತ್ತಿಗೆ ನನ್ನ ಮಗಳೂ ಬರತೊಡಗಿದ್ದಳು. ಕರೆದು ತಂದದ್ದು ಟೀಚರ್ ಇರಬೇಕೆಂದುಕೊಂಡಿದ್ದೆ. ಅಲ್ಲವಂತೆ, ಬಟ್ಟೆ ಒಗೆಯುವ ಅಕ್ಕನ ಮಗಳಂತೆ. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಇಬ್ಬರೂ ಒಟ್ಟಿಗೆ ಬುಟ್ಟಿಯಲ್ಲಿ ಜಲ್ಲಿ ಹೊರುತ್ತಿದ್ದರು. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಅಕ್ಕನ ಮನೆಗೆ ನಾನು ಹೋದೆ. ಅವರು ಬೀಡಿಯ ಮೊರ ಬದಿಗಿಟ್ಟು ಎದ್ದು, ನನ್ನ ಸಾಬೂನೂ ಹೋಗುತ್ತದಲ್ಲ, ನಿಮ್ಮದು ಮಾತ್ರ ಅಲ್ಲ ಎಂದು ನನ್ನನ್ನೇ ಸಮಾಧಾನಪಡಿಸಿದರು. ಅದು ಬೈದದ್ದಕ್ಕಿಂತ ಕಷ್ಟವಾಯಿತು. ಜೈನರ ಮನೆಯ ಅಮ್ಮನಲ್ಲಿಗೆ ಹೋಗಲು ಇನ್ನೂ ತಡವಾಯಿತು. ಅಂಗಳದ ಬದಿಯಲ್ಲೇ ನಿಂತು, ಅಂದು ನೀವು ಕೇಳಿದಾಗ ನಾನು ಹೇಳಿದ್ದು ಸುಳ್ಳು ಎಂದೆ. ಅವರು ಹಿಂದಿನ ಬೇಸಗೆಯಿಂದಲೇ ಆ ಬಾವಿಯ ನೀರು ಕುಡಿಯುವುದನ್ನು ಬಿಟ್ಟು, ತಮ್ಮನ ಮನೆಯಿಂದ ಕೊಡದಲ್ಲಿ ತರಿಸುತ್ತಿದ್ದರಂತೆ. ಮತ್ತೆ ಯಾಕೆ ಬಂದು ಕೇಳಲಿಲ್ಲ ಅಮ್ಮ ಎಂದೆ.

"ಒಮ್ಮೆ ಕೇಳಿದ್ದೆನಲ್ಲ," ಎಂದರು.

ಅದರಲ್ಲಿ ಕುಹಕ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿದ ಮೇಲೆ ಮತ್ತೆ ಕೇಳುವುದು ಅವರ ರೀತಿಯಲ್ಲ, ಅಷ್ಟೇ. ಆಮೇಲೆ ನಾನು ಎಷ್ಟೋ ದಿನ ಆ ಮನೆಯ ಮುಂದಿನಿಂದ ಹೋಗದೆ ಸುತ್ತು ದಾರಿ ಹಿಡಿಯುತ್ತಿದ್ದೆ.

ಮಗಳ ಎಸ್ಸೆಸ್ಸೆಲ್ಸಿ ಆಯಿತು. ಪಾಠ ಮುಗಿಯುವುದಿಲ್ಲವೆಂದು ನಾವು ಹೆದರಿದ್ದು ಸುಮ್ಮನೆ. ವಿಜ್ಞಾನದಲ್ಲಿ ಅವಳಿಗೆ ಒಳ್ಳೆಯ ಅಂಕವೇ ಬಂತು. ಪಿಯುಸಿಗೆ ಮೂಡುಬಿದಿರೆಯಲ್ಲಿ ಸೇರಿಸುವುದೆಂದಾಗಿ ನಾನೂ ಅವಳೂ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಹೊರಟೆವು. ಅಷ್ಟರಲ್ಲಿ ನಮ್ಮ ನಡುವೆ ಮಾತುಕತೆ ಸರಿಯಾಗಿತ್ತು, ಆ ಒಂದು ವಿಷಯ ಬಿಟ್ಟು. ಬಸ್ಸಿನಲ್ಲಿ ನಾನೇ ಅದನ್ನು ತೆಗೆದೆ. ಅವಳು ಇನ್ನು ಹಾಸ್ಟೆಲಿಗೆ ಹೋಗುವವಳು, ಹೇಳಿಬಿಡುವ ಅನಿಸಿತು. ಅವತ್ತು ನೀನು ನನ್ನನ್ನು ಉಳಿಸಲು ನೋಡಿದೆ, ನಾನು ನಿನ್ನನ್ನು ಎಲ್ಲರೆದುರು ಸಿಕ್ಕಿಸಿಹಾಕಿದೆ, ಅದು ಮನಸ್ಸಿನಲ್ಲಿ ಉಳಿದಿದೆ ಎಂದೆ.

ವೇಣೂರು ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಅಮ್ಮನೂ ಹಾಗೇ ಹೇಳ್ತಾರೆ, ಪಪ್ಪನನ್ನು ಉಳಿಸಲಿಕ್ಕೆ ಅಂತ," ಎಂದಳು ಆಮೇಲೆ. "ಹಾಗಲ್ಲ ಪಪ್ಪ. ಕೆಳಗೆ ಎಲ್ಲರೂ ನಿಂತಿದ್ದರು. ನಾನು ನಿಮ್ಮ ಮಗಳು ಅಂತ ಆಗ ನನಗೆ ನಾಚಿಕೆ ಆಯಿತು. ಅದಕ್ಕೇ ಮೇಲೆ ಹೋಗಿ ಅದ್ದಿದ್ದು."

ನಾನು ಎದುರಿನ ಸೀಟಿನ ಕಂಬಿ ಹಿಡಿದು ಕುಳಿತೆ. ಇಷ್ಟು ಸಮಯ ನಾನು ತಪ್ಪು ಮಾಡಿದವನಾದರೂ ಮಗಳ ಪ್ರೀತಿ ಪಡೆದವನು ಎಂದುಕೊಂಡು, ಅದರ ಬಲದ ಮೇಲೆ ಆ ದಿನವನ್ನು ನೆನೆಸಿಕೊಳ್ಳುತ್ತಿದ್ದೆ. ಕಿಟಕಿಯಿಂದ ನನ್ನನ್ನು ನೋಡಿದ ಅವಳ ಮುಖ ಈಗ ಬೇರೆಯಾಗಿ ಕಂಡಿತು. ಈಗಲೂ ನಾಚಿಕೆ ಉಂಟಾ ಎಂದು ಕೇಳಬೇಕೆನಿಸಿತು. ಮೂಡುಬಿದಿರೆ ಬಂತು, ಇಳಿದೆವು, ಕಾಲೇಜಿನ ಸಾಲಿನಲ್ಲಿ ನಿಂತೆವು. ಕೆಲಸ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು.

ವಾಪಸು ಬರುವಾಗ ಗುರುವಾಯನಕೆರೆಯಲ್ಲಿ ಬಸ್ಸು ತಡವಾಯಿತು. ಒಂದು ಹೋಟೆಲಿನಲ್ಲಿ ಚಾ ಕುಡಿಯಲು ಕುಳಿತೆವು. ಚಾ ಬಂದ ಮೇಲೆ ನಾನು ಹೇಳಿದೆ, ನೀನು ಹೇಳಿದ್ದು ಸರಿ, ಅವತ್ತು ನನ್ನ ಬಗ್ಗೆ ನನಗೂ ನಾಚಿಕೆಯಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ ಎಂದು. ಗೊತ್ತುಂಟು ಎಂದಳು. ಚಾ ಮುಗಿಸಿ, ಹಾಸ್ಟೆಲಿಗೆ ಬಕೆಟ್ಟು ಹೊಸತು ತೆಗೆಯುವುದಾ, ಮನೆಯದ್ದೇ ಕೊಂಡುಹೋಗುವುದಾ ಎಂದು ಕೇಳಿದಳು. ಹೊಸತೇ ತೆಗೆಯುವ ಎಂದೆ. ಬಸ್ಸು ಬರುವವರೆಗೆ ಅದರ ಬಗ್ಗೆಯೇ ಮಾತಾಡಿದೆವು.